ಅಪ್ಪನ ಎಡ ಭುಜ ಯಾಕೆ ಇಳಿದಿದೆ? ಪೈಲಟ್‌ಗಳ ಬೆನ್ನು, ಗಗನಯಾತ್ರಿಗಳ ಬೆನ್ನು: ಗೊತ್ತಿರುವವರು ಹೇಳಿ

ಹಳೇ ವಿಮಾನಪುರ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಉದ್ದ ಆದರೆ ಬೈಕೋಬೇಡಿ.

ಹೋದ ವಾರ ಅಣ್ಣನ ಮಗಳ ಮದುವೆಗೆ ಕೋಟು ಹೊಲಿಸೋಣ ಅಂತ ಅಪ್ಪನನ್ನು ಟೈಲರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಆತ ಟೇಪು ಹಿಡಿದು ಭುಜ ಅಳೆದ. ಇನ್ನೊಂದು ಸಲ ಅಳೆದ. ಆಮೇಲೆ ಮೆತ್ತಗೆ, "ಸಾರ್, ಎಡಗಡೆ ಪ್ಯಾಡು ಸ್ವಲ್ಪ ಜಾಸ್ತಿ ಇಡಲಾ? ಅರ್ಧ ಇಂಚು ಇಳಿದಿದೆ" ಅಂದ. ಅಪ್ಪ ನಕ್ಕುಬಿಟ್ಟರು. "ಅದು ಹೆಲಿಕಾಪ್ಟರ್ ಕೊಟ್ಟ ಇಳಿಜಾರು ಕಣಪ್ಪ, ಹಾಗೇ ಇರಲಿ ಬಿಡು."

ಅಪ್ಪನಿಗೆ ಈಗ 71. ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರ್ ಹಾರಿಸಿದವರು. ಊಟಕ್ಕೆ ಕೂತರೂ ಅದೇ ಭಂಗಿ. ಮೈ ಒಂಚೂರು ಮುಂದಕ್ಕೆ, ಒಂಚೂರು ಎಡಕ್ಕೆ, ಎಡಗೈ ಕುರ್ಚಿಯ ಪಕ್ಕ ಜೋತುಬಿದ್ದಿರುತ್ತದೆ, ಬಲ ಮುಂಗೈ ತೊಡೆಯ ಮೇಲೆ. "ಹೆಲಿಕಾಪ್ಟರ್ ಇಳಿಸಿ ಊಟ ಮಾಡಿ" ಅಂತ ಅಮ್ಮ ರೇಗಿಸುತ್ತಾರೆ. ನಮಗೆ ಅದು ಮನೆಯ ತಮಾಷೆ ಅಷ್ಟೇ ಆಗಿತ್ತು. ಟೈಲರ್ ಹೇಳಿದ ಮೇಲೆ ಅವರ ಮದುವೆ ಫೋಟೋ ತೆಗೆದು ನೋಡಿದೆ. ಭುಜಗಳು ಅಡ್ಡಗೆರೆ ಎಳೆದ ಹಾಗೆ ನೇರ ಇವೆ. ಹೊಟ್ಟೆಯಲ್ಲಿ ಏನೋ ಒಂಥರಾ ಆಯಿತು.

ಕೇಳಬೇಕಾದ್ದು ಮೂರು. ಇದು ನಿಜವಾಗಲೂ ಹೆಲಿಕಾಪ್ಟರ್‌ನಿಂದ ಆದದ್ದಾ? ಅಕ್ಕನ ಮಗ ಎರಡನೇ ಪಿಯುಸಿ, ವಾಯುಪಡೆ ಅಂತ ಹಟ ಹಿಡಿದಿದ್ದಾನೆ, ಈಗಲೇ ಬೆನ್ನು ನೋವು ಅಂತಾನೆ, ಅದು ಅಡ್ಡ ಬರುತ್ತದಾ? ಇನ್ನೊಂದು ಅವನದೇ ಪ್ರಶ್ನೆ. ಆಕಾಶಕ್ಕೆ ಹೋದರೆ ತೂಕವೇ ಇಲ್ಲವಲ್ಲ, ಬೆನ್ನಿಗೆ ಹಾಯಾಗಿರಬೇಕಲ್ವಾ?

ಬೆನ್ನು ಬಿಲ್ಲಾಗದಿರಲಿ

ನಾನು ಫಿಸಿಯೋಥೆರಪಿಸ್ಟ್. ನಿಮ್ಮ ತಂದೆಯವರನ್ನು ನೋಡದೆ ಇದೇ ಕಾರಣ ಅಂತ ಹೇಳಲಾರೆ. ಆದರೆ ನೀವು ಬರೆದ ಭಂಗಿ ಇದೆಯಲ್ಲ, ಅದು ಪಕ್ಕಾ ಹೆಲಿಕಾಪ್ಟರ್ ಭಂಗಿ. 'ಹೆಲೋ ಹಂಚ್' ಅಂತ ಅದಕ್ಕೊಂದು ಹೆಸರೇ ಇದೆ, ಅಂದರೆ ಹೆಲಿಕಾಪ್ಟರ್ ಗೂನು.

ಕಾರಣ ಸರಳ. ಪೈಲಟ್‌ನ ಎಡಗೈಗೆ ಒಂದು ಹಿಡಿ ಇರುತ್ತದೆ, ಕಲೆಕ್ಟಿವ್ ಅಂತಾರೆ. ಕಾರಿನ ಹ್ಯಾಂಡ್‌ಬ್ರೇಕ್ ಥರ ಸೀಟಿನ ಪಕ್ಕ ತಗ್ಗಿನಲ್ಲಿ. ಅದನ್ನು ಎತ್ತಿದರೆ ಹೆಲಿಕಾಪ್ಟರ್ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಬಲಗೈಗೆ ಎರಡು ಮೊಣಕಾಲಿನ ನಡುವಿನ ಸೈಕ್ಲಿಕ್, ಹೆಲಿಕಾಪ್ಟರನ್ನು ಬೇಕಾದ ಕಡೆ ವಾಲಿಸುವ ಕೋಲು. ಅದನ್ನು ಕೂದಲೆಳೆಯಷ್ಟು ಅಲ್ಲಾಡಿಸಬೇಕು, ಹಾಗಾಗಿ ಮುಂಗೈಯನ್ನು ತೊಡೆಯ ಮೇಲೆ ಊರುತ್ತಾರೆ. ಊರಬೇಕು ಅಂದರೆ ಮುಂದಕ್ಕೆ ಬಾಗಲೇಬೇಕು. ಎರಡೂ ಪಾದ ಪೆಡಲ್ ಮೇಲೆ. ನಾಲ್ಕೂ ಕೈಕಾಲು ಕೆಲಸದಲ್ಲಿ, ಒಂದನ್ನೂ ಬಿಡುವ ಹಾಗಿಲ್ಲ. ಕಾಲು ನೆಲಕ್ಕೆ ಊರಿ ಸ್ವಲ್ಪ ಹಿಂದೆ ಸರಿದು ಕೂರೋಣ ಅಂದರೆ ಆಗಲ್ಲ. ಈ ಬಾಗಿದ, ವಾಲಿದ ಬೆನ್ನಿನ ಮೇಲೆ ದಿನಕ್ಕೆ ಮೂರು ನಾಲ್ಕು ಗಂಟೆ ನಡುಕ ಬೇರೆ.

ನಡುಕದ ವಿಷಯ ಮುಖ್ಯ. ಪ್ರತಿ ವಸ್ತುವಿಗೂ ಒಂದು ಸ್ವಂತ ತಾಳ ಇರುತ್ತದೆ, ಆ ತಾಳಕ್ಕೆ ಸರಿಯಾಗಿ ಕುಲುಕಿದರೆ ಅದು ಜಾಸ್ತಿ ಕುಣಿಯುತ್ತದೆ. ಉಯ್ಯಾಲೆ ತಳ್ಳುವಾಗ ನೋಡಿರುತ್ತೀರಿ. ಕೂತ ಮನುಷ್ಯನ ಬೆನ್ನುಮೂಳೆಯ ತಾಳ ಸೆಕೆಂಡಿಗೆ ಸುಮಾರು 4ರಿಂದ 6 ಸಲ. ಹೆಲಿಕಾಪ್ಟರ್ ಸೀಟಿನ ನಡುಕದಲ್ಲಿ ಇದಕ್ಕೆ ಹತ್ತಿರದ ಭಾಗವೂ ಇರುತ್ತದೆ. ಬೆನ್ನಿನ ಸಣ್ಣ ಸ್ನಾಯುಗಳು ಪ್ರತಿ ಕುಲುಕಿಗೂ ಬಿಗಿಹಿಡಿದು ಸುಸ್ತಾಗುತ್ತವೆ. ಅವು ಸುಸ್ತಾದ ಮೇಲೆ ಹೊರೆ ಬೆನ್ನುಮೂಳೆಗಳ ನಡುವಿನ ಮೆತ್ತೆಯ, ಅಂದರೆ ಡಿಸ್ಕಿನ ಮೇಲೆ.

ನಾನ್‌ಸ್ಟಾಪ್ ಬಸ್ಸು

ಒಂದು ಮಾತು ಹೇಳಲಾ, ಬೇಜಾರಾಗಬೇಡಿ. ನಮ್ಮಪ್ಪ 29 ವರ್ಷ ಬಸ್ ಓಡಿಸಿದವರು. ಎಡಗೈಯಲ್ಲಿ ಗೇರು, ಬಲಗೈಯಲ್ಲಿ ಸ್ಟೇರಿಂಗು, ಎರಡು ಕಾಲು ಪೆಡಲ್ ಮೇಲೆ, ಕೆಳಗೆ ಗುಂಡಿ ಬಿದ್ದ ರಸ್ತೆ. ಅವರ ಬೆನ್ನಿಗೆ ಯಾರೂ ಇಂಗ್ಲಿಷ್ ಹೆಸರಿಡಲಿಲ್ಲ. ಪೈಲಟ್ ಬೆನ್ನು ಅಂದರೆ ವಿಜ್ಞಾನ, ಡ್ರೈವರ್ ಬೆನ್ನು ಅಂದರೆ "ವಯಸ್ಸಾಯ್ತು ಬಿಡಿ".

ಬೆನ್ನು ಬಿಲ್ಲಾಗದಿರಲಿ

@ನಾನ್‌ಸ್ಟಾಪ್ ಬಸ್ಸು ಬೇಜಾರೇನೂ ಇಲ್ಲ, ನೀವು ಹೇಳಿದ್ದು ಸರಿ. ಬಸ್ಸು, ಲಾರಿ, ಟ್ರ್ಯಾಕ್ಟರ್ ಸೀಟಿನ ಕುಲುಕಾಟವೂ ಹೆಚ್ಚುಕಡಿಮೆ ಅದೇ ತಾಳದ ಆಸುಪಾಸಿನಲ್ಲಿರುತ್ತದೆ. ಮೈ ಪೂರ್ತಿ ಕುಲುಕುವ ಕೆಲಸಗಳಿಗೆ ಐಎಸ್‌ಒ 2631 ಅಂತ ಅಳತೆಯ ನಿಯಮ ಇದೆ, ಅದು ಪೈಲಟ್ ಡ್ರೈವರ್ ಅಂತ ಭೇದ ಮಾಡುವುದಿಲ್ಲ. ವ್ಯತ್ಯಾಸ ಇಷ್ಟೇ. ಪೈಲಟ್‌ಗೆ ವರ್ಷಾ ವರ್ಷಾ ಮೆಡಿಕಲ್ ಇರುತ್ತದೆ, ಯಾರೋ ಒಬ್ಬರು ಬೆನ್ನು ನೋಡುತ್ತಾರೆ. ನಿಮ್ಮ ತಂದೆಯ ಬೆನ್ನನ್ನು ಯಾರೂ ನೋಡಿಲ್ಲ.

ಜಕ್ಕೂರು ಹಕ್ಕಿ

ನೋಡುತ್ತಾರೆ ಅಂತೀರಿ ಮೇಡಂ. ಆದರೆ ನಾವು ತೋರಿಸಬೇಕಲ್ಲ!

ಜಕ್ಕೂರಿನ ಮೇಲೆ ಸಣ್ಣ ವಿಮಾನಗಳು ಸುತ್ತುವುದನ್ನು ನೋಡುತ್ತಾ ಬೆಳೆದವನು ನಾನು. ಈಗ ಒಂದು ಏರ್‌ಲೈನ್‌ನಲ್ಲಿ ಕೋ-ಪೈಲಟ್, ಹೆಸರು ಬೇಡ. ನಮ್ಮದು ಫೈಟರ್ ಅಲ್ಲ, 8ಜಿ 9ಜಿ (ಅಂದರೆ ಮೈತೂಕದ ಎಂಟೊಂಬತ್ತು ಪಟ್ಟು ಭಾರ) ಏನೂ ಇಲ್ಲ. ಸುಮ್ನೆ ಕೂರುವುದು. ಬೆಳಗಿನ ಜಾವ 3ಕ್ಕೆ ಎದ್ದು, ದಿನಕ್ಕೆ ನಾಲ್ಕು ಸೆಕ್ಟರ್ (ಒಂದೂರಿಂದ ಇನ್ನೊಂದೂರಿಗೆ ಹಾರಿದರೆ ಒಂದು), ನಡುವೆ ನೆಲದ ಮೇಲೆ ಅರ್ಧ ಗಂಟೆ ಸಿಕ್ಕರೂ ಅದರಲ್ಲಿ ಪೇಪರ್ ಕೆಲಸ, ಹೀಗೆ ಐದು ದಿನ ಕೂತು ನೋಡಿ. ತಲೆ ಮೇಲಿನ ಸ್ವಿಚ್ಚಿಗೆ ಕೈ ಚಾಚಬೇಕು, ಪಕ್ಕದ ಬ್ಯಾಗಿಗೆ ತಿರುಚಿ ಬಗ್ಗಬೇಕು. ಸೀಟಿನಲ್ಲಿ ಸೊಂಟಕ್ಕೆ ಆಸರೆ ಕೊಡುವ ತಿರುಗಣಿ ಇದೆ ನಿಜ. ಹಿಂದಿನವನು ಯಾವ ಲೆಕ್ಕದಲ್ಲಿ ತಿರುಗಿಸಿ ಹೋಗಿರುತ್ತಾನೋ ದೇವರೇ ಬಲ್ಲ.

ಹೋದ ವರ್ಷ ನನ್ನ ಬಲಗಾಲಿಗೆ ಜುಂ ಅನ್ನುವ ನೋವು ಇಳಿಯಿತು. ಏನು ಮಾಡಿದೆ ಗೊತ್ತಾ? ಯಾರಿಗೂ ಹೇಳಲಿಲ್ಲ. ಮೆಡಿಕಲ್‌ಗೆ ಇನ್ನೂ ಎರಡು ತಿಂಗಳಿತ್ತು. ಅನ್‌ಫಿಟ್ ಅಂತ ಬಂದರೆ ಹಾರಾಟವಿಲ್ಲ, ಹಾರಾಟವಿಲ್ಲ ಅಂದರೆ ಹಾರಾಟದ ಭತ್ಯೆಯೂ ಇಲ್ಲ, ತಲೆ ಮೇಲೆ ಟ್ರೈನಿಂಗ್ ಸಾಲ. ಸ್ನಾಯು ಸಡಿಲಿಸುವ ಮಾತ್ರೆ ತೆಗೆದುಕೊಂಡು ಹಾರುವ ಹಾಗಿಲ್ಲ, ನಿದ್ದೆ ತರಿಸುತ್ತವೆ. ಹಾಗಾಗಿ ರಜೆ ದಿನ ಮಾತ್ರ ಮಾತ್ರೆ, ಡ್ಯೂಟಿ ದಿನ ಹಲ್ಲು ಕಚ್ಚುವುದು. ಮೂರ್ಖತನ, ಗೊತ್ತು. ಕೊನೆಗೆ ಹೇಳಿದೆ. ಆರು ವಾರ ನೆಲದ ಮೇಲಿದ್ದೆ, ವಾಪಸ್ ಬಂದೆ. ಮೊದಲೇ ಹೇಳಿದ್ದರೆ ಎರಡು ವಾರದಲ್ಲಿ ಮುಗಿಯುತ್ತಿತ್ತು ಅಂದರು.

ನಿಮ್ಮ ತಂದೆ ಸರ್ವೀಸಿನಲ್ಲಿದ್ದಾಗ ಒಂದು ದಿನವಾದರೂ ಬೆನ್ನು ನೋವು ಅಂದಿದ್ದು ನೆನಪಿದೆಯಾ?

ಹಳೇ ವಿಮಾನಪುರ

@ಜಕ್ಕೂರು ಹಕ್ಕಿ ಇಲ್ಲ. ಈಗ ಯೋಚಿಸಿದರೆ ಒಂದು ದಿನವೂ ಇಲ್ಲ. ಭಾನುವಾರ ಮಾತ್ರ ಚಾಪೆ ಹಾಸಿಕೊಂಡು, ಎರಡು ಕಾಲನ್ನು ಮಂಚದ ಮೇಲಿಟ್ಟು ಅರ್ಧ ಗಂಟೆ ನೆಲದಲ್ಲಿ ಮಲಗುತ್ತಿದ್ದರು. ನಾವು ಮಕ್ಕಳು ಅವರ ಹೊಟ್ಟೆ ಮೇಲೆ ಹತ್ತಿ ಆಡುತ್ತಿದ್ದೆವು.

ನಿವೃತ್ತ ನಟ್ಟುಬೋಲ್ಟು

ನಾನು ಫೈಟರ್ ವಿಮಾನಗಳ ಸೀಟಿನ ಕಡೆ ಕೆಲಸ ಮಾಡಿದವನು. ಎಜೆಕ್ಷನ್ ಸೀಟು, ಅಂದರೆ ಅಪಾಯ ಬಂದರೆ ಪೈಲಟ್‌ನನ್ನು ಸೀಟಿನ ಸಮೇತ ವಿಮಾನದಿಂದ ಹೊರಗೆ ಹಾರಿಸುವುದು. ಪಿಯುಸಿ ಹುಡುಗನಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತೇನೆ.

ಮೊದಲು ಕತ್ತಿನ ಲೆಕ್ಕ. ತಲೆ ಸುಮಾರು 5 ಕೆಜಿ. ಹೆಲ್ಮೆಟ್ಟು, ಅದರ ಮೇಲೆ ಕಣ್ಣಿನ ಮುಂದೆ ಚಿತ್ರ ಮೂಡಿಸುವ ಯಂತ್ರ, ಮಾಸ್ಕು ಎಲ್ಲಾ ಸೇರಿ ಇನ್ನೊಂದು ಒಂದೂವರೆ ಎರಡು ಕೆಜಿ ಅಂತಿಟ್ಟುಕೊಳ್ಳಿ. ನಮ್ಮ ತೇಜಸ್ 8ಜಿ ತನಕ ತಿರುಗುತ್ತದೆ. ಆರೂವರೆ ಇಂಟು ಎಂಟು, 52. ಅಂದರೆ ಒಂದು ಅಕ್ಕಿ ಮೂಟೆ ಕತ್ತಿನ ಮೇಲೆ. ಮೂಟೆ ಹೊತ್ತ ಹಮಾಲಿ ಕತ್ತು ನೇರ ಇಟ್ಟುಕೊಂಡು ನಡೆಯುತ್ತಾನೆ. ಪೈಲಟ್ ಮೂಟೆ ಹೊತ್ತುಕೊಂಡೇ ಹಿಂದೆ ತಿರುಗಿ, ಬಾಲದ ಹಿಂದೆ ಶತ್ರು ಇದ್ದಾನಾ ಅಂತ ನೋಡಬೇಕು. ಕತ್ತು ಹಿಡಿದುಕೊಳ್ಳುವುದು ಅಲ್ಲೇ. ತಿರುಗಿ ನೋಡಬೇಕಿದ್ದರೆ ಜಿ ಏರುವ ಮೊದಲೇ ತಿರುಗಿ, ತಲೆಯನ್ನು ಸೀಟಿಗೆ ಆನಿಸಿಕೊಂಡು ಆಮೇಲೆ ಸ್ಟಿಕ್ ಎಳೆ ಅಂತ ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದರು.

ಸೊಂಟದ ಲೆಕ್ಕ ಇನ್ನೂ ಜೋರು. 70 ಕೆಜಿ ಆಳಿನ ಅರ್ಧ ಮೈ ಸೊಂಟದ ಮೇಲೆ ಅಂದುಕೊಂಡರೂ 8ಜಿಯಲ್ಲಿ 280 ಕೆಜಿ ಆಗುತ್ತದೆ. ಅದಕ್ಕೇ ಎಫ್-16, ರಫೇಲ್‌ನಂಥ ವಿಮಾನಗಳಲ್ಲಿ ಸೀಟನ್ನು 30 ಡಿಗ್ರಿ ಹತ್ತಿರ ಹಿಂದಕ್ಕೆ ವಾಲಿಸಿದ್ದಾರೆ. ಅದರ ಮೊದಲ ಉದ್ದೇಶ ಮೆದುಳಿಗೆ ರಕ್ತ ತಲುಪಲಿ ಅಂತ. ಬೆನ್ನಿಗೆ ಸ್ವಲ್ಪ ಲಾಭ, ಆದರೆ ಕತ್ತಿಗೆ ನಷ್ಟ. ಮೈ ಹಿಂದೆ ವಾಲಿದರೆ ತಲೆ ಮುಂದೆ ಬಗ್ಗಲೇಬೇಕಲ್ಲ.

ಇನ್ನು ನನ್ನ ಸೀಟು. ಕಾಲ ನಡುವಿನ ಹಿಡಿ ಎಳೆದರೆ ಅರ್ಧ ಸೆಕೆಂಡಿನೊಳಗೆ ಮನುಷ್ಯ ವಿಮಾನದ ಹೊರಗೆ. ಮೊದಲು ಮದ್ದು ಸಿಡಿಸಿ ಸೀಟನ್ನು ತಳ್ಳುವ ಗನ್, ಆಮೇಲೆ ರಾಕೆಟ್. ಬೆನ್ನಿನ ಮೇಲೆ ಬೀಳುವ ಹೊಡೆತ ಹನ್ನೆರಡು ಹದಿನಾಲ್ಕು ಜಿ, ಕೆಲವು ಸಲ ಇನ್ನೂ ಮೇಲೆ. ಮಾರ್ಟಿನ್-ಬೇಕರ್ ಕಂಪನಿ 1945ರಲ್ಲಿ ಇಂಗ್ಲೆಂಡಿನಲ್ಲಿ ಎತ್ತರದ ಚೌಕಟ್ಟು ನಿಲ್ಲಿಸಿ, ಮನುಷ್ಯರನ್ನೇ ಕೂರಿಸಿ ಸೀಟು ಹಾರಿಸಿ ನೋಡುತ್ತಿತ್ತು. ಆಗ ಕೂತ ಒಬ್ಬ ಪತ್ರಕರ್ತನ ಬೆನ್ನುಮೂಳೆ ಜಜ್ಜಿಹೋಯಿತು. ಆಮೇಲೆ ಅವರು ಬೆನ್ನುಮೂಳೆಯನ್ನೇ ಕೂತು ಓದಿದರು. ನೇರ ಕೂತಿದ್ದರೆ ಮೂಳೆಗಳು ಇಟ್ಟಿಗೆ ಜೋಡಿಸಿದ ಹಾಗೆ ಒಂದರ ಮೇಲೊಂದು ಹೊಡೆತ ತಡೆದುಕೊಳ್ಳುತ್ತವೆ. ಬಗ್ಗಿದ್ದರೆ ಇಟ್ಟಿಗೆಯ ಮುಂದಿನ ಅಂಚು ಮಾತ್ರ ಒತ್ತಿಕೊಂಡು ಪುಡಿಯಾಗುತ್ತದೆ. ಅದಕ್ಕೇ ಹಳೇ ಸೀಟುಗಳಲ್ಲಿ ಹಿಡಿಯನ್ನು ತಲೆ ಮೇಲೆ ಇಟ್ಟರು. ಎರಡು ಕೈ ಮೇಲೆತ್ತಿ ಮುಖದ ಮೇಲೆ ಪರದೆ ಎಳೆದುಕೊಂಡರೆ ಬೆನ್ನು ತಾನಾಗಿ ನೇರ ಆಗುತ್ತದೆ, ಮುಖಕ್ಕೂ ಗಾಳಿಯಿಂದ ರಕ್ಷಣೆ. ಎಂಥ ಯೋಚನೆ ಅಲ್ವಾ? 1946ರ ಜುಲೈ 24ರಂದು ಬರ್ನಾರ್ಡ್ ಲಿಂಚ್ ಅನ್ನುವವರು ಹಾರುವ ವಿಮಾನದಿಂದಲೇ ಹಾಗೆ ಹಾರಿ ಕ್ಷೇಮವಾಗಿ ಇಳಿದರು.

ಯಲಹಂಕ ತಾರಸಿ

2019ರ ಫೆಬ್ರುವರಿ 19 ನೆನಪಾಯಿತು. ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ. ಅಭ್ಯಾಸದಲ್ಲಿ ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಎರಡು ವಿಮಾನಗಳು ಡಿಕ್ಕಿಯಾದವು. ತಾರಸಿಯಿಂದ ಹೊಗೆ ಕಂಡಿತು, ಪ್ಯಾರಾಚೂಟ್ ಕಂಡಿತು, ಸದ್ಯ ಉಳಿದುಕೊಂಡರು ಅಂದುಕೊಂಡೆವು. ಒಬ್ಬ ಪೈಲಟ್ ಉಳಿಯಲಿಲ್ಲ ಅಂತ ಸಂಜೆ ಗೊತ್ತಾಯಿತು. ಹಾರಿಕೊಂಡ ಇಬ್ಬರ ಬೆನ್ನಿನ ಬಗ್ಗೆ ಅವತ್ತು ಒಂದು ಕ್ಷಣವೂ ಯೋಚಿಸಿರಲಿಲ್ಲ. ಪ್ಯಾರಾಚೂಟ್ ಬಿಚ್ಚಿಕೊಂಡಿತು, ಕಥೆ ಮುಗಿಯಿತು ಅಂತ ನಮ್ಮ ಲೆಕ್ಕ.

ನಿವೃತ್ತ ನಟ್ಟುಬೋಲ್ಟು

@ಯಲಹಂಕ ತಾರಸಿ ಅಲ್ಲಿಂದ ಶುರು. ಎಜೆಕ್ಟ್ ಆದವರು ಎದ್ದು ನಡೆದುಕೊಂಡು ಬಂದರೂ ಬೆನ್ನುಮೂಳೆ ಪೂರ್ತಿ ಸ್ಕ್ಯಾನ್ ಮಾಡುತ್ತಾರೆ. ಎದೆಗೂಡು ಮುಗಿದು ಸೊಂಟ ಶುರುವಾಗುವ ಜಾಗ, ಹನ್ನೆರಡನೇ ಎದೆಮೂಳೆ ಮತ್ತು ಮೊದಲನೇ ಸೊಂಟಮೂಳೆ, ಅಲ್ಲೇ ಜಾಸ್ತಿ ಪೆಟ್ಟು. ಮೇಲಿನ ಭಾಗವನ್ನು ಪಕ್ಕೆಲುಬು ಬಿಗಿಯಾಗಿ ಹಿಡಿದಿರುತ್ತದೆ, ಕೆಳಗಿನದು ಸಡಿಲ, ಹೊಡೆತ ಅಲ್ಲಿ ಬಂದು ನಿಲ್ಲುತ್ತದೆ. ಎಷ್ಟೋ ಜನ ತಿಂಗಳುಗಳ ನಂತರ ಮತ್ತೆ ಹಾರಿದ್ದಾರೆ. ಇಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆಯಲ್ಲ, ಮತ್ತೆ ಹಾರಬಹುದಾ ಅಂತ ತೂಗಿ ನೋಡುವ ಜಾಗಗಳಲ್ಲಿ ಅದು ದೊಡ್ಡದು. ಮನುಷ್ಯರನ್ನು ಗಿರಗಿರ ತಿರುಗಿಸಿ ಜಿ ಅಭ್ಯಾಸ ಮಾಡಿಸುವ ಯಂತ್ರವೂ ಅಲ್ಲಿದೆ.

ಹುಡುಗನಿಗೆ ಒಂದು ವಿಷಯ. ವಾಯುಪಡೆಯಲ್ಲಿ ಎತ್ತರ ಮಾತ್ರ ಅಳೆಯುವುದಿಲ್ಲ. ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ. ಒಳಗೆ ಇರಬೇಕು, ತೊಡೆಯ ಉದ್ದ 64 ಸೆಂ.ಮೀ. ದಾಟಬಾರದು. ಯಾಕೆ ಅಂತ ನಮ್ಮ ಹುಡುಗರೇ ಕೇಳುತ್ತಿದ್ದರು. ಸೀಟು ಮೇಲೆ ಹಾರುವಾಗ ಉದ್ದ ತೊಡೆಯವನ ಮೊಣಕಾಲು ಮುಂದಿನ ಪ್ಯಾನೆಲ್‌ಗೆ ಬಡಿಯುತ್ತದೆ, ಅದಕ್ಕೆ. ಬೆನ್ನಿನ ಎಕ್ಸ್‌ರೇ ಕೂಡ ತೆಗೆಯುತ್ತಾರೆ. ಒಂದು ಮೂಳೆ ಇನ್ನೊಂದರ ಮೇಲಿಂದ ಜಾರಿದ್ದರೆ ಫೈಟರ್ ಕನಸು ಅಲ್ಲಿಗೇ ನಿಲ್ಲುತ್ತದೆ.

ಜಕ್ಕೂರು ಹಕ್ಕಿ

ಹೆಲ್ಮೆಟ್ ತೂಕದ ಬಗ್ಗೆ ಒಂದು ಸೇರಿಸುತ್ತೇನೆ. 2015ರಲ್ಲಿ ಅಮೆರಿಕದ ವಾಯುಪಡೆ ಸುಮಾರು 62 ಕೆಜಿಗಿಂತ ಕಡಿಮೆ ತೂಕದವರು ಎಫ್-35 ಹಾರಿಸಬಾರದು ಅಂತ ತಡೆ ಹಾಕಿತ್ತು. ಆ ವಿಮಾನದ ಹೆಲ್ಮೆಟ್ಟೇ ಎರಡು ಕೆಜಿಗೂ ಜಾಸ್ತಿ. ಸಣ್ಣ ಮೈಯವರು ಎಜೆಕ್ಟ್ ಆದರೆ ಕತ್ತು ಮುರಿಯಬಹುದು ಅನ್ನುವ ಭಯ. ಹೆಲ್ಮೆಟ್ ಹಗುರ ಮಾಡಿ, ಸೀಟಿನಲ್ಲಿ ತಲೆಗೆ ಆಸರೆ ಸೇರಿಸಿ, 2017ರಲ್ಲಿ ತಡೆ ತೆಗೆದರು. ಅಷ್ಟು ದುಬಾರಿ ವಿಮಾನವೂ ಕತ್ತಿನ ಮುಂದೆ ಸೋತು ನಿಂತಿತ್ತು ನೋಡಿ.

ಬಾನಂಚು

ಮೂರನೇ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ನಾನು ಹಾಕುತ್ತೇನೆ. ಬಾಹ್ಯಾಕಾಶದ ಹುಚ್ಚು ನನಗೆ, ವೈದ್ಯ ಅಲ್ಲ. ತಪ್ಪಿದ್ದರೆ ಮೇಡಂ ತಿದ್ದಲಿ.

ಹಾಯಾಗಿರುವುದಿಲ್ಲ ತಮ್ಮಾ. ಮೇಲೆ ಹೋದ ಮೊದಲ ಕೆಲವು ದಿನ ಅರ್ಧಕ್ಕಿಂತ ಹೆಚ್ಚು ಜನರಿಗೆ ಬೆನ್ನು ನೋವು ಬರುತ್ತದೆ. ಮೊಣಕಾಲನ್ನು ಎದೆಗೆ ಅವುಚಿಕೊಂಡು, ಗರ್ಭದಲ್ಲಿರುವ ಮಗುವಿನ ಹಾಗೆ ಮುದುಡಿಕೊಂಡರೆ ಕಡಿಮೆ ಆಗುತ್ತದಂತೆ. ತೂಕ ಇಲ್ಲದಿದ್ದರೆ ಬೆನ್ನು ಉದ್ದ ಆಗುತ್ತದೆ. 5 ಸೆಂ.ಮೀ. ತನಕ ಬೆಳೆದವರಿದ್ದಾರೆ.

ಇದರಲ್ಲಿ ಒಂದು ಮಜಾ ಪ್ರಸಂಗ ಇದೆ. 2018ರ ಜನವರಿಯಲ್ಲಿ ಜಪಾನಿನ ಗಗನಯಾತ್ರಿ ನೊರಿಶಿಗೆ ಕನಾಯಿ ಬಾಹ್ಯಾಕಾಶ ನಿಲ್ದಾಣದಿಂದಲೇ ಟ್ವೀಟ್ ಮಾಡಿದರು, ಮೂರು ವಾರದಲ್ಲಿ 9 ಸೆಂ.ಮೀ. ಬೆಳೆದುಬಿಟ್ಟಿದ್ದೇನೆ, ಇಷ್ಟು ಬೆಳೆದದ್ದು ಹೈಸ್ಕೂಲಿನ ನಂತರ ಇದೇ ಮೊದಲು, ವಾಪಸ್ ಹೋಗುವಾಗ ರಷ್ಯದ ಸೊಯುಜ್ ನೌಕೆಯ ಸೀಟಿನಲ್ಲಿ ಹಿಡಿಸುತ್ತೇನೋ ಇಲ್ಲವೋ ಭಯ ಅಂತ. ಜಗತ್ತೆಲ್ಲಾ ಸುದ್ದಿ. ಜೊತೆಗಿದ್ದ ರಷ್ಯದ ಕಮಾಂಡರ್‌ಗೆ ಅನುಮಾನ ಬಂತು. ಮತ್ತೆ ಅಳೆದು ನೋಡಿದರೆ 2 ಸೆಂ.ಮೀ.! ಪಾಪ, ಕ್ಷಮೆ ಕೇಳಿದರು. ಆ ಮನುಷ್ಯ ಸ್ವತಃ ಡಾಕ್ಟರು.

ಸೀಟಿನ ಭಯ ಮಾತ್ರ ಸುಳ್ಳಲ್ಲ. ಸೊಯುಜ್‌ನಲ್ಲಿ ಪ್ರತಿಯೊಬ್ಬರ ಬೆನ್ನಿನ ಅಚ್ಚನ್ನು ಪ್ಲಾಸ್ಟರ್‌ನಲ್ಲಿ ತೆಗೆದು ಅವರಿಗೆಂದೇ ಸೀಟು ಮಾಡುತ್ತಾರೆ. ಬೆನ್ನು ಬೆಳೆಯುತ್ತದೆ ಅಂತ ತಲೆಯ ಕಡೆ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ನೆಲ ಮುಟ್ಟಲು ಒಂದು ಮೀಟರ್‌ಗಿಂತ ಕಡಿಮೆ ಇದ್ದಾಗ ಸಣ್ಣ ರಾಕೆಟ್‌ಗಳು ಉರಿದು ವೇಗ ಇಳಿಸುತ್ತವೆ, ಆದರೂ ದಢ್ ಅಂತಲೇ ಕೂರುವುದು. ತಿಂಗಳುಗಟ್ಟಲೆ ಕೆಲಸವಿಲ್ಲದೆ ಸೊರಗಿದ ಬೆನ್ನಿಗೆ ಆ ಏಟು. ಅಚ್ಚು ಸರಿಯಿಲ್ಲದಿದ್ದರೆ ಅಷ್ಟೇ ಕಥೆ.

ಬೆನ್ನು ಬಿಲ್ಲಾಗದಿರಲಿ

@ಬಾನಂಚು ಚೆನ್ನಾಗಿ ಹೇಳಿದಿರಿ. ಡಿಸ್ಕಿನ ವಿಷಯ ಸ್ವಲ್ಪ ಸೇರಿಸುತ್ತೇನೆ, ಇದು ನನ್ನ ಮೆಚ್ಚಿನ ವಿಷಯ.

ಮೂಳೆಗಳ ನಡುವಿನ ಡಿಸ್ಕಿಗೆ ದೊಡ್ಡವರಲ್ಲಿ ರಕ್ತನಾಳವೇ ಇಲ್ಲ ಅನ್ನಬಹುದು. ಮತ್ತೆ ಊಟ ಎಲ್ಲಿಂದ? ಪಾತ್ರೆ ತೊಳೆಯುವ ಸ್ಪಂಜು ನೆನಪಿಸಿಕೊಳ್ಳಿ. ಹಗಲು ಮೈಭಾರಕ್ಕೆ ಹಿಂಡಿಕೊಂಡು ನೀರು ಹೊರಗೆ ಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಹೀರಿಕೊಳ್ಳುತ್ತದೆ. ಈ ಹಿಂಡಿ ಬಿಡುವ ಆಟದ ಜೊತೆಗೇ ಅದಕ್ಕೆ ಪೋಷಣೆ. ಅದಕ್ಕೇ ನಾವೆಲ್ಲ ಬೆಳಗ್ಗೆ ಒಂದು ಒಂದೂವರೆ ಸೆಂ.ಮೀ. ಉದ್ದ ಇರುತ್ತೇವೆ, ರಾತ್ರಿ ಗಿಡ್ಡ. ಬಾಗಿಲ ಚೌಕಟ್ಟಿಗೆ ಪೆನ್ಸಿಲ್ ಗೆರೆ ಹಾಕಿ ನೋಡಿ, ಸುಳ್ಳಾದರೆ ಕೇಳಿ.

ಆಕಾಶದಲ್ಲಿ ಹಿಂಡುವವರೇ ಇಲ್ಲ. ಮೊದಲು ಎಲ್ಲರೂ ಡಿಸ್ಕ್ ಊದಿಕೊಂಡೇ ನೋವು ಅಂದುಕೊಂಡಿದ್ದರು. ಆರು ತಿಂಗಳು ನಿಲ್ದಾಣದಲ್ಲಿದ್ದು ಬಂದ ಆರು ಜನರ ಎಂಆರ್‌ಐ ತೆಗೆದು 2016ರಲ್ಲಿ ಪ್ರಕಟಿಸಿದರು. ಊತ ಅಂಥದ್ದೇನೂ ಕಾಣಲಿಲ್ಲ. ಕಂಡದ್ದು ಬೇರೆ. ಬೆನ್ನುಮೂಳೆಗೆ ಅಂಟಿಕೊಂಡ ಸ್ನಾಯುಗಳು ಸುಮಾರು 19% ಸೊರಗಿದ್ದವು, ಸೊಂಟದ ಸಹಜ ಬಾಗು ಚಪ್ಪಟೆಯಾಗಿತ್ತು. ದಿನಾ ಎರಡು ಗಂಟೆ ವ್ಯಾಯಾಮ ಮಾಡಿಯೂ! ಅಮೆರಿಕದ ಗಗನಯಾತ್ರಿಗಳಲ್ಲಿ ಡಿಸ್ಕ್ ಜಾರುವುದು ಉಳಿದವರಿಗಿಂತ ನಾಲ್ಕು ಪಟ್ಟು ಹೆಚ್ಚು ಅಂತ 2010ರ ಒಂದು ಅಧ್ಯಯನ ಹೇಳಿತ್ತು. ಇಳಿದು ಬಂದ ಮೊದಲ ವರ್ಷವೇ ಅಪಾಯ ಜಾಸ್ತಿ.

ನನ್ನ ಹತ್ತಿರ ಬರುವವರಿಗೆ ನಾನು ಹೇಳುವುದು ಇದನ್ನೇ. ಬೆನ್ನು ನೋವು ಅಂತ ತಿಂಗಳುಗಟ್ಟಲೆ ಹಾಸಿಗೆ ಹಿಡಿದರೆ ನೀವೂ ಅರ್ಧ ಗಗನಯಾತ್ರಿಯೇ. ಅವರ ಅಧ್ಯಯನಕ್ಕೆಂದೇ ಜನರನ್ನು ಮಲಗಿಸುತ್ತಾರೆ ಗೊತ್ತಾ? ಜರ್ಮನಿಯ ಕಲೋನ್‌ನಲ್ಲಿ 2019ರಲ್ಲಿ 60 ದಿನ, ತಲೆ 6 ಡಿಗ್ರಿ ಕೆಳಗೆ, ಊಟ ಸ್ನಾನ ಎಲ್ಲಾ ಮಲಗಿಯೇ.

ನಾನ್‌ಸ್ಟಾಪ್ ಬಸ್ಸು

ಮಲಗಿದ್ದಕ್ಕೆ ದುಡ್ಡು ಕೊಡುತ್ತಾರಾ? ಅರ್ಜಿ ಎಲ್ಲಿ ಹಾಕಬೇಕು? 😀

ತಮಾಷೆ ಇರಲಿ. ತೂಕವೇ ಇಲ್ಲದ ಕಡೆ ಭಾರ ಎತ್ತುವ ವ್ಯಾಯಾಮ ಹೇಗೆ ಮಾಡುತ್ತಾರೆ? ಡಂಬೆಲ್ ತೇಲುತ್ತದಲ್ಲ?

ಬಾನಂಚು

ಒಳ್ಳೇ ಪ್ರಶ್ನೆ. ನಿಲ್ದಾಣದಲ್ಲಿ ಅರೆಡ್ ಅನ್ನುವ ಯಂತ್ರ ಇದೆ. ಅದರಲ್ಲಿ ಗಾಳಿ ತೆಗೆದ ಎರಡು ಸಿಲಿಂಡರ್ ಇವೆ. ಮೂತಿ ಮುಚ್ಚಿದ ಸಿರಿಂಜಿನ ಪಿಸ್ಟನ್ ಎಳೆದು ನೋಡಿ, ವಾಪಸ್ ಎಳೆಯುತ್ತದಲ್ಲ, ಅದೇ ಸೂತ್ರ. 270 ಕೆಜಿ ತನಕ ಎಳೆತ ಕೊಡಬಹುದು. ಟ್ರೆಡ್‌ಮಿಲ್ ಮೇಲೆ ಓಡಲು ಭುಜಕ್ಕೆ ಸೊಂಟಕ್ಕೆ ಪಟ್ಟಿ ಕಟ್ಟಿ ಕೆಳಕ್ಕೆ ಎಳೆದುಕೊಳ್ಳುತ್ತಾರೆ. ಇಷ್ಟೆಲ್ಲಾ ಇಲ್ಲದಿದ್ದರೆ ಸೊಂಟದ ಮೂಳೆ ತಿಂಗಳಿಗೆ 1ರಿಂದ 1.5% ಕರಗುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರಕ್ಕೆ ಹೋಗಿ ಕಲ್ಲಾಗುವ ಭಯ ಬೇರೆ.

1984ರಲ್ಲಿ ನಮ್ಮ ರಾಕೇಶ್ ಶರ್ಮಾ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್ 7ರಲ್ಲಿ ಯೋಗ ಮಾಡಿ ನೋಡಿದ್ದರು. ಅಲ್ಲಿ ಆಸನ ಹಾಕಿದರೆ ಮೈ ತೇಲಿಹೋಗುತ್ತದೆ, ಪಟ್ಟಿ ಕಟ್ಟಿ ಹಿಡಿದುಕೊಳ್ಳಬೇಕಾಯಿತು. ಆಸನಕ್ಕೆ ನೆಲ ಎಷ್ಟು ಮುಖ್ಯ ಅಂತ ನೆಲದ ಮೇಲಿದ್ದವರಿಗೆ ಹೊಳೆಯುವುದೇ ಇಲ್ಲ.

ಧಾರವಾಡ ಫೇಡೆ

ನಮ್ಮೂರಿನ ಹೆಸರೂ ಇದರಾಗ ಐತಿ ಅಂತ ಹೇಳಾಕ ಬಂದೆ. ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜೂನ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಒಯ್ದ ಹೆಸರುಕಾಳು, ಮೆಂತ್ಯದ ಮೊಳಕೆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಇಲ್ಲಿಯ ವಿಷಯಕ್ಕೆ ಸೇರುವುದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರಯೋಗ. ತೂಕ ಇಲ್ಲದ ಕಡೆ ಸ್ನಾಯು ಮತ್ತೆ ಬೆಳೆಯುವುದಕ್ಕೆ ಏನು ಅಡ್ಡ, ಪೂರಕ ಪದಾರ್ಥ ಕೊಟ್ಟರೆ ಸರಿಹೋಗುತ್ತದಾ ಅಂತ ಸ್ನಾಯುವಿನ ಕೋಶಗಳ ಮೇಲೆ ನೋಡಿದರು. ಹಾಸಿಗೆ ಹಿಡಿದ ಮುದುಕರಿಗೂ ಇದು ಉಪಯೋಗಕ್ಕೆ ಬರಬಹುದು ಅನ್ನುವ ಆಸೆ.

ಶುಕ್ಲಾ 18 ದಿನ ನಿಲ್ದಾಣದಲ್ಲಿದ್ದು ಜುಲೈ 15ಕ್ಕೆ ಇಳಿದರು. ಆಮೇಲೆ ಅವರೇ ಹೇಳಿದ್ದು, ಹಾಸಿಗೆ ಮೇಲೆ ಕೂತು ಕೆಲಸ ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕೆ ಗಾಳಿಯಲ್ಲಿ ಬಿಟ್ಟರಂತೆ, ತೇಲುತ್ತದೆ ಅಂತ. ಪುಣ್ಯಕ್ಕೆ ಕೆಳಗೆ ಕಾರ್ಪೆಟ್ ಇತ್ತು. ಕೈಯಲ್ಲಿ ಮೊಬೈಲ್ ಹಿಡಿದರೆ ಭಾರ ಅನಿಸಿತಂತೆ. 18 ದಿನಕ್ಕೇ ಹಿಂಗ ಆದರ ಮಂಗಳಕ್ಕ ಹೋದವರ ಗತಿ ಏನ್ರಿ? ಅಲ್ಲಿ ಇಳಿದ ಮೇಲೆ ಎತ್ತಿ ಕುರ್ಚಿಗೆ ಕೂರಿಸಾಕ ಯಾರ ಅದಾರ?

ಹಳೇ ವಿಮಾನಪುರ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಿನ್ನೆ ರಾತ್ರಿ ಇಡೀ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಕಲೆಕ್ಟಿವ್ ಭಾಗ ಬಂದಾಗ ತಾನಾಗಿ ಅವರ ಎಡಗೈ ಸೋಫಾದ ಪಕ್ಕಕ್ಕೆ ಇಳಿಯಿತು, ನಾವಿಬ್ಬರೂ ನೋಡಿ ನಕ್ಕೆವು. @ಜಕ್ಕೂರು ಹಕ್ಕಿ ನಿಮ್ಮದನ್ನು ಎರಡು ಸಲ ಓದಿಸಿದರು. "ನಾವೆಲ್ಲಾ ಹಾಗೇ ಮಾಡಿದ್ದು" ಅಂದರು. ಅಷ್ಟೇ. ಮೂವತ್ತು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಬೆನ್ನಿನ ಮಾತು ಅದು.

ಆಮೇಲೆ ಎದ್ದು ಹೋಗಿ ಹಳೇ ಟ್ರಂಕಿನಿಂದ ಒಂದು ಟವೆಲ್ ತಂದರು. ನಾನು ಚಿಕ್ಕವನಿದ್ದಾಗಿಂದ ನೋಡಿದ್ದೇನೆ, ಅವರ ಹಾರಾಟದ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿತ್ತು. ಬೆವರು ಒರೆಸಲು ಅಂದುಕೊಂಡಿದ್ದೆ. ಅದನ್ನು ಸುರುಳಿ ಸುತ್ತಿ ಸೊಂಟಕ್ಕೂ ಸೀಟಿಗೂ ನಡುವೆ ಇಟ್ಟುಕೊಳ್ಳುತ್ತಿದ್ದರಂತೆ. ಅವರ ಜೊತೆಯವರೂ ಅಷ್ಟೇ, ಕೆಲವರು ಸ್ವೆಟರ್ ಮಡಚಿ ಇಡುತ್ತಿದ್ದರಂತೆ.

ಬಾಗಿಲ ಚೌಕಟ್ಟಿನ ಪರೀಕ್ಷೆಯೂ ಆಯಿತು. ನಾನು ಬೆಳಗ್ಗೆ ಆರಕ್ಕೂ ರಾತ್ರಿ ಹತ್ತಕ್ಕೂ 1.2 ಸೆಂ.ಮೀ. ಗಿಡ್ಡ ಆಗಿದ್ದೆ. ಅಕ್ಕನ ಮಗ ಕೂತಾಗಿನ ಎತ್ತರ ಅಳೆದುಕೊಂಡು 88 ಅಂತ ಕುಣಿದಾಡುತ್ತಿದ್ದಾನೆ. ಅವನ ಬೆನ್ನು ನೋವಿಗೆ ಏನು ಮಾಡಲಿ ಮೇಡಂ?

ಬೆನ್ನು ಬಿಲ್ಲಾಗದಿರಲಿ

ನೋವು ಕಾಲಿಗೆ ಇಳಿಯುತ್ತಿದ್ದರೆ, ಜೋಮು ಇದ್ದರೆ, ರಾತ್ರಿ ಎಚ್ಚರ ಆಗುವಷ್ಟು ಇದ್ದರೆ ಈ ವಾರವೇ ಡಾಕ್ಟರಿಗೆ ತೋರಿಸಿ. ಮೆಡಿಕಲ್‌ನಲ್ಲಿ ಗೊತ್ತಾಗುತ್ತದೆ ಅಂತ ಈಗಿನಿಂದಲೇ ಮುಚ್ಚಿಡುವ ಪಾಠ ಕಲಿಸಬೇಡಿ. ಅಂಥದ್ದೇನೂ ಇಲ್ಲದಿದ್ದರೆ ಮಂಚದ ಮೇಲೆ ಕವುಚಿ ಮಲಗಿ ಓದುವುದನ್ನು ನಿಲ್ಲಿಸಲಿ. ಓಡಲಿ, ಈಜಲಿ, ಕತ್ತಿಗೂ ಬೆನ್ನಿಗೂ ನಿಧಾನಕ್ಕೆ ಭಾರದ ಅಭ್ಯಾಸ ಮಾಡಲಿ, ಗೊತ್ತಿರುವವರ ಕಣ್ಣೆದುರು.

ನಾನ್‌ಸ್ಟಾಪ್ ಬಸ್ಸು

ಮೇಡಂ, ಆ ಟವೆಲ್ ಎಷ್ಟು ದಪ್ಪ ಇರಬೇಕು? ತಮ್ಮ ಈಗ ಅಪ್ಪನ ಕೆಲಸಕ್ಕೇ ಸೇರಿದ್ದಾನೆ, ನಾಳೆ ಬೆಳಗ್ಗೆ 5ಕ್ಕೆ ಡ್ಯೂಟಿ.

ಬೆನ್ನು ಬಿಲ್ಲಾಗದಿರಲಿ

ಸುತ್ತಿದ ಮೇಲೆ ಅವರ ಮುಂಗೈಯಷ್ಟು ದಪ್ಪ ಸಾಕು. ಬೆಲ್ಟಿಗಿಂತ ಒಂಚೂರು ಮೇಲೆ, ಬೆನ್ನು ಒಳಕ್ಕೆ ಬಾಗುವ ಜಾಗದಲ್ಲಿ. ಎರಡು ರಬ್ಬರ್ ಬ್ಯಾಂಡ್ ಹಾಕಲು ಹೇಳಿ, ಇಲ್ಲದಿದ್ದರೆ ರಸ್ತೆಯ ಮೊದಲ ಹಂಪ್‌ಗೇ ಬಿಚ್ಚಿಕೊಳ್ಳುತ್ತದೆ. ತಂದೆಯವರನ್ನೂ ಒಂದು ದಿನ ಕರೆದುಕೊಂಡು ಬನ್ನಿ, ನೋಡೋಣ.